ಮೊಟ್ಟೆ ತೇಲಿಸಲು ಎಷ್ಟು ಉಪ್ಪು ಬೇಕು? ಲೆಕ್ಕ ತಪ್ಪಿದ ನನ್ನ ಅನುಭವ

ಉಪ್ಪುನೀರಿನಲ್ಲಿ ಮೊಟ್ಟೆ ತೇಲಿಸುವ ಪ್ರಯೋಗವನ್ನು ನಾನು ಶಾಲೆಯಲ್ಲಿದ್ದಾಗ ಮಾಡಿದ್ದೆ. ಮಾಡಿದ್ದೆ ಅನ್ನುವುದಕ್ಕಿಂತ ನೋಡಿದ್ದೆ ಅನ್ನಬೇಕು. ಮೇಜಿನ ಮೇಲೆ ಎರಡು ಲೋಟ. ಒಂದರಲ್ಲಿ ಮೊಟ್ಟೆ ಮುಳುಗಿತು, ಇನ್ನೊಂದರಲ್ಲಿ ತೇಲಿತು. ನಾವು ನೋಟ್ಸ್‌ನಲ್ಲಿ ಎರಡು ಸಾಲು ಬರೆದುಕೊಂಡೆವು. ಮುಗೀತು.

ಈಗ ನನ್ನ ಮಗಳಿಗೆ ಅದೇ ಪಾಠ ಬಂದಿದೆ. ಮನೆಯಲ್ಲೇ ಮಾಡಿ ತೋರಿಸ್ತೀನಿ ಬಾ ಅಂದೆ. ಐದು ನಿಮಿಷದ ಕೆಲಸ ಅಂದುಕೊಂಡಿದ್ದೆ. ಮೂರು ಸಂಜೆ ಹಿಡಿಯಿತು, ಒಂದು ಮೊಟ್ಟೆ ಒಡೆಯಿತು, ನನ್ನ ಲೆಕ್ಕವೂ ತಪ್ಪಿತು. ಆ ತಪ್ಪಿದ ಲೆಕ್ಕದಿಂದಲೇ ನನಗೆ ಸಾಂದ್ರತೆ ಅಂದರೆ ಏನು ಅಂತ ನೆಟ್ಟಗೆ ಅರ್ಥವಾಗಿದ್ದು. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ಸಂಜೆ ಅಳತೆ ಗಿಳತೆ ಏನೂ ಇರಲಿಲ್ಲ. ಲೋಟಕ್ಕೆ ನೀರು ಹಾಕಿದೆ, ಮೊಟ್ಟೆ ಬಿಟ್ಟೆ, ಮುಳುಗಿತು. ಮೇಲಿಂದ ಎರಡು ಚಮಚ ಉಪ್ಪು ಸುರಿದೆ. ಉಪ್ಪು ಹೋಗಿ ತಳದಲ್ಲಿ ಗುಡ್ಡೆಯಾಗಿ ಕೂತಿತು, ಅದರ ಪಕ್ಕದಲ್ಲಿ ಮೊಟ್ಟೆ ಒರಗಿಕೊಂಡಿತು. ಕರಗಲಿ ಅಂತ ಸ್ಟೀಲ್ ಚಮಚ ಹಾಕಿ ತಿರುಗಿಸಿದೆ. ಟಕ್ ಅಂತು. ಸಿಪ್ಪೆಯ ಬಿರುಕಿನಿಂದ ಬಿಳಿಯ ಎಳೆಯೊಂದು ಮೆಲ್ಲಗೆ ಹೊರಗೆ ಬಂತು. "ಅಮ್ಮ, ಇದು ತೇಲೋ ಪ್ರಯೋಗನಾ, ಒಡೆಯೋ ಪ್ರಯೋಗನಾ?" ಅಂದಳು ಮಗಳು.

ಇನ್ನೊಂದು ಮೊಟ್ಟೆ ತಂದೆ. ಅದು ಬರೀ ನೀರಿನಲ್ಲೇ ತಳಕ್ಕೆ ತಾಗಿಕೊಂಡು ಕಂಬದ ಹಾಗೆ ನೆಟ್ಟಗೆ ನಿಂತಿತು. ಹಳೇ ಮೊಟ್ಟೆ. ಮೊಟ್ಟೆಯ ಸಿಪ್ಪೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳಿರುತ್ತವೆ. ದಿನ ಕಳೆದಂತೆ ಒಳಗಿನ ತೇವ ಅವುಗಳ ಮೂಲಕ ಆವಿಯಾಗಿ ಹೋಗುತ್ತದೆ, ಆ ಜಾಗಕ್ಕೆ ಗಾಳಿ ಬರುತ್ತದೆ. ಮೊಟ್ಟೆಯ ಗಾತ್ರ ಅಷ್ಟೇ ಇರುತ್ತದೆ, ತೂಕ ಮಾತ್ರ ಇಳಿಯುತ್ತದೆ. ಗಾಳಿಯ ಗೂಡು ಇರುವುದು ದಪ್ಪ ತುದಿಯಲ್ಲಿ. ಹಾಗಾಗಿ ಆ ತುದಿ ಮೇಲೆ ಏಳುತ್ತದೆ. ತುಂಬಾ ಹಳೆಯದಾದರೆ ಉಪ್ಪೇ ಬೇಡ, ಸುಮ್ನೆ ತೇಲುತ್ತದೆ. ಈ ಪ್ರಯೋಗಕ್ಕೆ ತಾಜಾ ಮೊಟ್ಟೆಯೇ ಬೇಕು ಅಂತ ಗೊತ್ತಾಗಿದ್ದೇ ಆ ದಿನದ ಲಾಭ.

ಎರಡನೇ ಸಂಜೆ ಅಡುಗೆಮನೆಯ ಡಿಜಿಟಲ್ ತಕ್ಕಡಿ ತಂದಿಟ್ಟೆ. ಒಂದು ಗ್ರಾಂವರೆಗೆ ತೋರಿಸುವ ಸಾಮಾನ್ಯ ತಕ್ಕಡಿ. ತಾಜಾ ಮೊಟ್ಟೆ ತೂಗಿದೆವು: 56 ಗ್ರಾಂ. ತೂಕ ಸಿಕ್ಕಿತು, ಗಾತ್ರ? ಚೆಂಡಿನ ಹಾಗೆ ಗುಂಡಗಿದ್ದಿದ್ದರೆ ಸೂತ್ರ ಹಾಕಬಹುದಿತ್ತು. ನೀರು ತುಂಬಿದ ಪಾತ್ರೆಯಲ್ಲಿ ಮುಳುಗಿಸಿ, ಚೆಲ್ಲಿದ ನೀರನ್ನು ಅಳೆಯುವುದು ಪುಸ್ತಕದ ದಾರಿ. ಮಾಡಿ ನೋಡಿದವರಿಗೆ ಗೊತ್ತು, ಅರ್ಧ ನೀರು ಪಾತ್ರೆಯ ಹೊರಗೋಡೆಗೇ ಅಂಟಿಕೊಂಡು ಇಳಿಯುತ್ತದೆ, ಅಳತೆಗೆ ಸಿಗುವುದೇ ಇಲ್ಲ.

ಅದಕ್ಕಿಂತ ಸುಲಭದ ದಾರಿಯೊಂದಿದೆ. ಈ ಬರಹದಲ್ಲಿ ಒಂದೇ ಒಂದು ವಿಷಯ ಮನೆಯಲ್ಲಿ ಮಾಡಿ ನೋಡುವುದಾದರೆ ಇದನ್ನೇ ಮಾಡಿ. ಅಗಲ ಬಾಯಿಯ ಗಾಜಿನ ಪಾತ್ರೆಗೆ ಮುಕ್ಕಾಲು ನೀರು ಹಾಕಿ ತಕ್ಕಡಿಯ ಮೇಲಿಡಿ. ಬಟನ್ ಒತ್ತಿ ಸೊನ್ನೆ ಮಾಡಿ. ಈಗ ನಿಮ್ಮ ಬೆರಳನ್ನು ನೀರಿಗೆ ಅದ್ದಿ. ಪಾತ್ರೆಗೆ ತಾಗಿಸಬೇಡಿ, ತಳಕ್ಕೂ ಬೇಡ, ಗೋಡೆಗೂ ಬೇಡ. ಆದರೂ ತಕ್ಕಡಿಯಲ್ಲಿ ಅಂಕಿ ಏರುತ್ತದೆ! ಎರಡನೇ ಗೆಣ್ಣಿನವರೆಗೆ ಅದ್ದಿದರೆ ಹತ್ತು ಗ್ರಾಂ ಆಸುಪಾಸು. ಮಗಳು ನಂಬಲಿಲ್ಲ. ನಾನು ಎಲ್ಲೋ ತಾಗಿಸುತ್ತಿದ್ದೇನೆ ಅಂತ ಪಾತ್ರೆಯ ಮಟ್ಟಕ್ಕೆ ಕಣ್ಣಿಟ್ಟು ನೋಡಿದಳು. ಆಮೇಲೆ ತಾನೇ ಅದ್ದಿ, ತೆಗೆದು, ಮತ್ತೆ ಅದ್ದಿ, ಸುಮಾರು ಹೊತ್ತು ಅದೇ ಆಟವಾಯಿತು.

ಆಗುವುದು ಇಷ್ಟೇ. ನೀರು ಬೆರಳನ್ನು ಮೇಲಕ್ಕೆ ತಳ್ಳುತ್ತದೆ. ಹಾಗೆ ತಳ್ಳುವಾಗ ಬೆರಳೂ ನೀರನ್ನು ಅಷ್ಟೇ ಬಲದಿಂದ ಕೆಳಕ್ಕೆ ಒತ್ತುತ್ತದೆ. ತಕ್ಕಡಿ ತೋರಿಸುವುದು ಆ ಒತ್ತನ್ನೇ. ಅದು ಎಷ್ಟು? ಬೆರಳು ಪಕ್ಕಕ್ಕೆ ಸರಿಸಿದ ನೀರಿನ ತೂಕದಷ್ಟು, ಸರಿಯಾಗಿ ಅಷ್ಟೇ. ಒಂದು ಮಿಲಿಲೀಟರ್ ನೀರಿಗೆ ಹೆಚ್ಚುಕಡಿಮೆ ಒಂದು ಗ್ರಾಂ ತೂಕ. ಹಾಗಾಗಿ ತಕ್ಕಡಿಯ ಅಂಕಿಯೇ ಮುಳುಗಿದ ಭಾಗದ ಗಾತ್ರ. ಅಳತೆಯ ಜಾರೇ ಬೇಡ.

ಇದು ಆರ್ಕಿಮಿಡೀಸ್‌ನ ತತ್ವ. ಕ್ರಿಸ್ತಪೂರ್ವ 3ನೇ ಶತಮಾನದಲ್ಲಿ ಸಿರಾಕ್ಯೂಸ್‌ನಲ್ಲಿದ್ದ ಮನುಷ್ಯ. ಸ್ನಾನದ ತೊಟ್ಟಿಯಿಂದ ಎದ್ದು ಬೀದಿಯಲ್ಲಿ ಓಡಿದ ಕಥೆ ಎಲ್ಲರಿಗೂ ಗೊತ್ತು. ಆದರೆ ಆ ಕಥೆ ನಮಗೆ ಸಿಕ್ಕಿರುವುದು ಅವನು ಸತ್ತು ಸುಮಾರು ಎರಡು ಶತಮಾನ ಆದಮೇಲೆ ವಿಟ್ರುವಿಯಸ್ ಎಂಬ ರೋಮನ್ ವಾಸ್ತುಶಿಲ್ಪಿ ಬರೆದಿದ್ದರಿಂದ. ಓಡಿದ್ದು ನಿಜವೋ ಸುಳ್ಳೋ, ತಕ್ಕಡಿಯಲ್ಲಿ ಅಂಕಿ ಏರುವುದಂತೂ ನಿಜ.

ಈಗ ಮೊಟ್ಟೆಯ ಸರದಿ. ತರಕಾರಿ ಬರುವ ಬಲೆಚೀಲದಿಂದ ಒಂದು ತುಂಡು ಕತ್ತರಿಸಿ, ಅದರೊಳಗೆ ಮೊಟ್ಟೆ ಇಟ್ಟು, ದಾರ ಕಟ್ಟಿ ಇಳಿಬಿಟ್ಟೆವು. ಮೊಟ್ಟೆ ಪೂರ್ತಿ ಮುಳುಗಿತು, ತಳಕ್ಕೆ ಇನ್ನೂ ತಾಗಿಲ್ಲ. ತಕ್ಕಡಿ ತೋರಿಸಿದ್ದು 52. ದಾರ ಇನ್ನೂ ಇಳಿಸಿ ಮೊಟ್ಟೆಯನ್ನು ತಳದಲ್ಲಿ ಕೂರಿಸಿ ಕೈ ಬಿಟ್ಟಾಗ 56.

"ಉಳಿದ ನಾಲ್ಕು ಗ್ರಾಂ ಎಲ್ಲಿತ್ತು ಹೇಳೆ?" ಅಂದೆ. ಸ್ವಲ್ಪ ಯೋಚಿಸಿ ತನ್ನ ಬೆರಳು ತೋರಿಸಿದಳು. ದಾರ ಹಿಡಿದಿದ್ದ ಬೆರಳು. ನನಗೆ ಆ ಉತ್ತರ ತುಂಬಾ ಇಷ್ಟವಾಯಿತು. 56 ಗ್ರಾಂ ಮೊಟ್ಟೆಯಲ್ಲಿ 52 ಗ್ರಾಂ ಭಾರವನ್ನು ನೀರೇ ಹೊರುತ್ತಿತ್ತು, ಅವಳ ಬೆರಳಿಗೆ ಬಿದ್ದಿದ್ದು ಬರೀ ನಾಲ್ಕು. ಮೊಟ್ಟೆ ಮುಳುಗುತ್ತದೆ ಅಂದಾಗ ನಾವು ನೀರು ಸೋತುಹೋಯಿತು ಅಂದುಕೊಳ್ಳುತ್ತೇವೆ. ಸೋತಿದ್ದು ನಾಲ್ಕೇ ಗ್ರಾಂನಲ್ಲಿ.

ಅಂದರೆ ನಮಗೆ ಬೇಕಾಗಿರುವುದು 52 ಮಿಲಿಲೀಟರ್ ಜಾಗದಲ್ಲಿ 56 ಗ್ರಾಂ ತೂಗುವ ನೀರು. ಆಗ ಮೊಟ್ಟೆ ಮತ್ತು ನೀರು ಸಮ ಸಮ. ಮಗಳು ತ್ರೈರಾಶಿ ಹಾಕಿದಳು. 52ಕ್ಕೆ 4 ಗ್ರಾಂ ಹೆಚ್ಚು ಬೇಕು, 500ಕ್ಕೆ ಎಷ್ಟು? ಮೂವತ್ತೆಂಟೂವರೆ ಗ್ರಾಂ. ನನಗೂ ಸರಿ ಅನ್ನಿಸಿತು. ಉಪ್ಪು ಹಾಕುವ ಮೊದಲೇ ಉತ್ತರ ಬರೆದಿಟ್ಟೆವು: 38 ಗ್ರಾಂಗೆ ತೇಲಬೇಕು.

ಪಾತ್ರೆಯಲ್ಲಿ 500 ಮಿಲಿಲೀಟರ್ ನೀರು ಹಾಕಿ, ನೀರಿನ ಮಟ್ಟಕ್ಕೆ ಮಾರ್ಕರ್‌ನಿಂದ ಗೆರೆ ಎಳೆದೆ. ಈ ಸಲ ಮೊಟ್ಟೆಯನ್ನು ಹೊರಗಿಟ್ಟೇ ಉಪ್ಪು ಕರಗಿಸಿದೆವು. ಮೊದಲು 18 ಗ್ರಾಂ. ಸಮುದ್ರದ ನೀರಿನಲ್ಲಿ ಒಂದು ಕಿಲೋಗೆ ಸರಾಸರಿ 35 ಗ್ರಾಂ ಉಪ್ಪು ಇರುತ್ತದೆ. ಹಾಗಾಗಿ ನಮ್ಮ ಪಾತ್ರೆ ಈಗ ಹೆಚ್ಚುಕಡಿಮೆ ಸಮುದ್ರ. ಮೊಟ್ಟೆ ಬಿಟ್ಟೆವು, ಕಲ್ಲಿನ ಹಾಗೆ ಹೋಗಿ ಕೂತಿತು. ತಾಜಾ ಮೊಟ್ಟೆ ಸಮುದ್ರದಲ್ಲೂ ಮುಳುಗುತ್ತದೆ! ನಾನಂತೂ ತೇಲುತ್ತದೆ ಅಂತಲೇ ಅಂದುಕೊಂಡಿದ್ದೆ. ಸಮುದ್ರದ ನೀರು ಮಿಲಿಲೀಟರಿಗೆ ಸುಮಾರು 1.025 ಗ್ರಾಂ, ನಮ್ಮ ಮೊಟ್ಟೆ 1.077. ಮೃತ ಸಮುದ್ರದ ನೀರಾದರೆ 1.24ರ ಹತ್ತಿರ ಇರುತ್ತದೆ, ಅದರಲ್ಲಿ ಮೊಟ್ಟೆ ಏನು, ಮನುಷ್ಯರೇ ಮುಳುಗಲು ಒದ್ದಾಡಬೇಕು.

ಉಪ್ಪು 38 ಗ್ರಾಂ ಆಯಿತು. ಚೆನ್ನಾಗಿ ಕರಗಿಸಿದೆವು. ಮೊಟ್ಟೆ ಬಿಟ್ಟೆವು. ಮುಳುಗಿತು.

ಒಂದಿಷ್ಟು ತೂರಾಡಿಕೊಂಡು ನಿಧಾನಕ್ಕೆ ಇಳಿಯಿತು ನಿಜ, ಆದರೂ ಇಳಿದೇ ಬಿಟ್ಟಿತು. ಮಗಳು ಲೆಕ್ಕ ನೋಡಿದಳು, ನಾನು ತಕ್ಕಡಿ ನೋಡಿದೆ. ಒಂದು ಗ್ರಾಂ ಆಚೀಚೆ ತೋರಿಸುವ ತಕ್ಕಡಿ, 52 ಅಂದದ್ದು 51 ಇರಬಹುದು ಅಂತ ಸಮಾಧಾನ ಹೇಳಿಕೊಂಡೆ. ಚಿಕ್ಕ ಚಮಚದಲ್ಲಿ ಆರಾರು ಗ್ರಾಂನಂತೆ ಸೇರಿಸುತ್ತಾ ಹೋದೆವು. 44, ಮುಳುಗಿತು. 50, ಮುಳುಗಿತು. 56ಕ್ಕೆ ಒಂದು ಚಂದದ ಘಟನೆ ನಡೆಯಿತು. ಅಲ್ಲಿಯವರೆಗೆ ಅಡ್ಡ ಮಲಗುತ್ತಿದ್ದ ಮೊಟ್ಟೆ ಈಗ ದಪ್ಪ ತುದಿ ಮೇಲೆ ಮಾಡಿ ಎದ್ದು ನಿಂತಿತು. ಚೂಪು ತುದಿ ಮಾತ್ರ ತಳಕ್ಕೆ ತಾಗಿದೆ. ಪಾತ್ರೆಯನ್ನು ಬೆರಳಿನಿಂದ ತಟ್ಟಿದರೆ ಬೊಂಬೆಯ ಹಾಗೆ ತಲೆದೂಗುತ್ತಿತ್ತು. 62 ಗ್ರಾಂಗೆ ತಳ ಬಿಟ್ಟಿತು. ಮೆಲ್ಲಗೆ, ಬೇಕೋ ಬೇಡವೋ ಎಂಬಂತೆ ಮೇಲೆ ಬಂದು, ನಾಣ್ಯದಷ್ಟು ಅಗಲದ ಒಂದು ತುಂಡನ್ನು ಮಾತ್ರ ನೀರಿನ ಹೊರಗೆ ಚಾಚಿ ನಿಂತಿತು.

38 ಅಂದುಕೊಂಡಿದ್ದು 62. ಇಷ್ಟು ದೊಡ್ಡ ತಪ್ಪಿಗೆ ತಕ್ಕಡಿಯೊಂದನ್ನೇ ದೂರಿದರೆ ಆಗುವುದಿಲ್ಲ ಅಲ್ವಾ?

ಉತ್ತರ ಕಂಡಿದ್ದು ಮೊಟ್ಟೆಯನ್ನು ಹೊರಗೆ ತೆಗೆದ ಮೇಲೆ. "ಅಮ್ಮ, ಗೆರೆ ನೋಡು" ಅಂದಳು. ನೀರು ನಾನು ಎಳೆದಿದ್ದ ಗೆರೆಗಿಂತ ನಾಲ್ಕೈದು ಮಿಲಿಮೀಟರ್ ಮೇಲಿತ್ತು. ಮೊಟ್ಟೆ ಹೊರಗಿದೆ, ನೀರು ಸೇರಿಸಿಲ್ಲ, ಹಾಗಿದ್ದರೂ ಮಟ್ಟ ಏರಿದೆ. ಕರಗಿದ ಉಪ್ಪು ಕಾಣದೇ ಹೋಯಿತೇ ಹೊರತು ಜಾಗ ಬಿಟ್ಟುಕೊಡಲಿಲ್ಲ! ನಾವು ಹಾಕಿದ್ದ ಲೆಕ್ಕದಲ್ಲಿ ತೂಕ ಏರುತ್ತದೆ, ಗಾತ್ರ 500ರಲ್ಲೇ ನಿಲ್ಲುತ್ತದೆ ಅಂತ ಅಂದುಕೊಂಡಿದ್ದೆವು. ನಿಜದಲ್ಲಿ ಎರಡೂ ಏರುತ್ತವೆ. ತೂಕ ಜಾಸ್ತಿ ಏರುತ್ತದೆ, ಗಾತ್ರ ಕಡಿಮೆ ಏರುತ್ತದೆ, ಅಷ್ಟೇ ವ್ಯತ್ಯಾಸ. ಗಾತ್ರ ಸುಮಾರು 522 ಮಿಲಿಲೀಟರ್ ಆಗಿದ್ದರೆ, 562 ಗ್ರಾಂ ಭಾಗಿಸು 522, ಬರುವುದು 1.077. ಮೊಟ್ಟೆಯ ಅಂಕಿಯೇ.

ಸಾಂದ್ರತೆ ಅಂದರೆ ತೂಕ ಭಾಗಿಸು ಗಾತ್ರ ಅಂತ ಎಷ್ಟೋ ವರ್ಷದಿಂದ ಬಾಯಿಪಾಠ ನನಗೆ. ಕೆಳಗಿನ ಅಂಕಿಯೂ ಬದಲಾಗುತ್ತದೆ ಅಂತ ಒಂದು ಸಲವೂ ಹೊಳೆದಿರಲಿಲ್ಲ.

ಖಾತ್ರಿ ಮಾಡಿಕೊಳ್ಳಲು ಇನ್ನೊಂದು ಕೆಲಸ ಮಾಡಿದೆವು. ಕಂಠದವರೆಗೆ ತುಂಬಿದರೆ 200 ಗ್ರಾಂ ನೀರು ಹಿಡಿಯುವ ಒಂದು ಚಿಕ್ಕ ಬಾಟಲಿ ಇತ್ತು. ಅದರಲ್ಲೇ ಉಪ್ಪುನೀರು ತುಂಬಿ ತೂಗಿದರೆ 216, ಬಾಟಲಿಯ ತೂಕ ಕಳೆದು. 216 ಭಾಗಿಸು 200, 1.08. ಉಪ್ಪುನೀರು ಮೊಟ್ಟೆಗಿಂತ ಕೂದಲೆಳೆಯಷ್ಟು ಮುಂದಿದೆ. ಅದಕ್ಕೇ ನಾಣ್ಯದಷ್ಟು ಭಾಗ ಮಾತ್ರ ಹೊರಗೆ ಕಂಡಿದ್ದು.

ಮಾಡುವವರಿಗೆ ಒಂದೆರಡು ಮಾತು. ಪ್ರತಿ ಸಲವೂ ಮೊಟ್ಟೆ ತೆಗೆದೇ ಕದಡಿ. ಕದಡಿದ ತಕ್ಷಣ ನೀರು ಮಬ್ಬಾಗಿರುತ್ತದೆ, ಅದರಲ್ಲಿ ಸಣ್ಣ ಸಣ್ಣ ಗುಳ್ಳೆಗಳಿರುತ್ತವೆ. ಅವು ಮೊಟ್ಟೆಯ ಸಿಪ್ಪೆಗೆ ಮುತ್ತಿಕೊಂಡರೆ ಇನ್ನೂ ತೇಲಬಾರದ ಮೊಟ್ಟೆಯನ್ನೂ ಎತ್ತಿಬಿಡುತ್ತವೆ. ನಮಗೆ 56 ಗ್ರಾಂನಲ್ಲಿ ಒಂದು ಸಲ ಹಾಗಾಯಿತು, ಬೆರಳಿನಿಂದ ಸವರಿದೆ, ಇಳಿಯಿತು. ಹಸಿ ಮೊಟ್ಟೆ ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಯಿರಿ. ಮತ್ತೆ, 500 ಮಿಲಿಲೀಟರಿಗೆ 62 ಗ್ರಾಂ ಅನ್ನುವುದು ನಮ್ಮ ಮೊಟ್ಟೆಯ ಲೆಕ್ಕ. ನಿಮ್ಮ ಮೊಟ್ಟೆ ಎಷ್ಟು ತಾಜಾ ಅನ್ನುವುದರ ಮೇಲೆ ಅದು ಬದಲಾಗುತ್ತದೆ. ಉಪ್ಪು ಸಾಲದೇ ಹೋದೀತು ಅನ್ನುವ ಭಯ ಬೇಡ. ನೂರು ಗ್ರಾಂ ನೀರಿನಲ್ಲಿ ಸುಮಾರು 36 ಗ್ರಾಂ ಉಪ್ಪು ಕರಗುತ್ತದೆ, ಅಲ್ಲಿಯವರೆಗೆ ಹೋಗುವ ಪ್ರಮೇಯವೇ ಬರುವುದಿಲ್ಲ.

ಮಧ್ಯೆ ಮಗಳಿಗೊಂದು ಅನುಮಾನ ಬಂತು. "ನೀರು ಕಡಿಮೆ ಇದೆ, ಅದಕ್ಕೇ ಮುಳುಗುತ್ತೆ. ಬಕೆಟ್‌ನಲ್ಲಿ ತೇಲುತ್ತೆ ನೋಡು." ದೊಡ್ಡ ಹಡಗು ತೇಲಲು ದೊಡ್ಡ ಸಮುದ್ರ ಬೇಕು ಅನ್ನುವ ಹಾಗೆ. ನಾನು ವಾದ ಮಾಡಲಿಲ್ಲ. ಬಕೆಟ್ ತುಂಬಿಸಿ ಮೊಟ್ಟೆ ಬಿಟ್ಟೆವು, ಆರಾಮಾಗಿ ಮುಳುಗಿತು. ಮೊಟ್ಟೆಯ ಕೆಳಮೈ ಮೇಲೆ ನೀರಿನ ಒತ್ತಡ ಜಾಸ್ತಿ, ಮೇಲ್ಮೈ ಮೇಲೆ ಕಡಿಮೆ. ಆ ವ್ಯತ್ಯಾಸವೇ ಮೇಲಕ್ಕೆ ತಳ್ಳುವ ಬಲ. ಪುಸ್ತಕದಲ್ಲಿ ಇದಕ್ಕೆ ಪ್ಲವನ ಬಲ ಅಂತ ಹೆಸರು. ಮೊಟ್ಟೆ ಎಷ್ಟು ಆಳಕ್ಕೆ ಹೋದರೂ ಅದರ ಮೇಲಿಗೂ ಕೆಳಗಿಗೂ ಇರುವ ಅಂತರ ಅಷ್ಟೇ, ಹಾಗಾಗಿ ಆ ವ್ಯತ್ಯಾಸವೂ ಅಷ್ಟೇ.

ಇನ್ನೊಂದು ತಪ್ಪು ನಮ್ಮ ಮಾತಿನಿಂದಲೇ ಬರುತ್ತದೆ. ಸಾಂದ್ರತೆ ಅಂದ ಕೂಡಲೇ ಮಂದ, ದಪ್ಪ, ಗಟ್ಟಿ ಅಂತ ತಲೆಗೆ ಹೋಗುತ್ತದೆ. ಎಣ್ಣೆ ನೀರಿಗಿಂತ ಮಂದ, ಆದ್ದರಿಂದ ಎಣ್ಣೆಯ ಸಾಂದ್ರತೆ ಜಾಸ್ತಿ ಅಂತ ಮಗಳು ಬರೆದಿದ್ದಳು. ಲೋಟದಲ್ಲಿ ಎರಡನ್ನೂ ಹಾಕಿದರೆ ಎಣ್ಣೆ ಮೇಲೆ ಬಂದು ನಿಲ್ಲುತ್ತದೆ. ಅಡುಗೆ ಎಣ್ಣೆ ಸುಮಾರು 0.92. ನಿಧಾನಕ್ಕೆ ಹರಿಯುವುದೇ ಬೇರೆ, ತೂಕವಾಗಿರುವುದೇ ಬೇರೆ. ಜೇನುತುಪ್ಪ ನೋಡಿ, ಮಂದವೂ ಹೌದು, 1.4ರಷ್ಟು ಭಾರವೂ ಹೌದು. ಅದಕ್ಕೇ ಈ ಗೊಂದಲ. ಎಣ್ಣೆಗೆ ಒಂದು ಐಸ್ ತುಂಡು ಹಾಕಿ ನೋಡಿ. ಐಸ್ 0.917, ಎಣ್ಣೆಗೆ ಹತ್ತಿರ ಹತ್ತಿರ ಸಮ. ಮೇಲ್ಮೈಗೆ ತಾಗಿಕೊಂಡು ಹೆಚ್ಚುಕಡಿಮೆ ಪೂರ್ತಿ ಮುಳುಗಿ ನಿಲ್ಲುತ್ತದೆ. ಕರಗಿದ ನೀರು ಅದರ ಹೊಟ್ಟೆಯ ಕೆಳಗೆ ಜೋತಾಡುವ ಹನಿಯಾಗಿ, ಆಮೇಲೆ ಕಳಚಿಕೊಂಡು, ಗುಂಡಗೆ ಉರುಳಿದ ಹಾಗೆ ತಳಕ್ಕೆ ಇಳಿಯುತ್ತದೆ.

ಹಡಗಿನ ಮಾತು ಬಂದಿದ್ದರಿಂದ ಒಂದು ವಿಷಯ ಹೇಳಿಬಿಡುತ್ತೇನೆ. ಸಮುದ್ರದಿಂದ ಸಿಹಿನೀರಿನ ನದಿಗೆ ಬಂದ ಹಡಗು ಸ್ವಲ್ಪ ಜಾಸ್ತಿ ಇಳಿಯುತ್ತದೆ. ಸರಕು ಅಷ್ಟೇ, ನೀರು ಹಗುರ. ಹಡಗಿನ ಮೈಮೇಲೆ ಎಲ್ಲಿಯವರೆಗೆ ಮುಳುಗಬಹುದು ಅಂತ ಗೆರೆ ಹಾಕಿರುತ್ತಾರಲ್ಲ, ಅದರಲ್ಲಿ ಸಿಹಿನೀರಿಗೆ ಬೇರೆ ಗೆರೆ, ಉಪ್ಪುನೀರಿಗೆ ಬೇರೆ ಗೆರೆ. ಇಂಥ ಗೆರೆ ಕಡ್ಡಾಯ ಮಾಡಿಸಲು ಬ್ರಿಟನ್‌ನಲ್ಲಿ ಹೋರಾಡಿದವನು ಸ್ಯಾಮ್ಯುಯೆಲ್ ಪ್ಲಿಮ್‌ಸಾಲ್, ಕಾನೂನು ಬಂದಿದ್ದು 1876ರಲ್ಲಿ. ಈಗಲೂ ಅದಕ್ಕೆ ಪ್ಲಿಮ್‌ಸಾಲ್ ಗೆರೆ ಅಂತಲೇ ಹೆಸರು.

ಮೂರನೇ ಸಂಜೆ ಮಗಳದ್ದು ಹೊಸ ಬೇಡಿಕೆ. ಮೊಟ್ಟೆ ಮೇಲೂ ಅಲ್ಲ ಕೆಳಗೂ ಅಲ್ಲ, ನಡುವೆ ನಿಲ್ಲಬೇಕು. ಉಪ್ಪನ್ನು ಚಿಟಿಕೆ ಚಿಟಿಕೆಯಾಗಿ ಹಾಕಿ ಸಮ ಮಾಡಲು ನೋಡಿದೆವು. ಆಗಲಿಲ್ಲ. ಚಿಟಿಕೆ ಜಾಸ್ತಿಯಾದರೆ ಮೇಲೆ, ಸ್ವಲ್ಪ ನೀರು ಬೆರೆಸಿದರೆ ಕೆಳಗೆ. ಪಾತ್ರೆಯ ನೀರೆಲ್ಲ ಒಂದೇ ಸಾಂದ್ರತೆ ಇರುವಾಗ ಮೊಟ್ಟೆಗೆ ನಡುವೆ ನಿಲ್ಲಲು ಕಾರಣವೇ ಇಲ್ಲ. ಒಂದೋ ಏರಬೇಕು, ಇಲ್ಲಾ ಇಳಿಯಬೇಕು. ನಡುವೆ ನಿಲ್ಲಬೇಕಾದರೆ ಕೆಳಗೆ ಭಾರದ ನೀರು, ಮೇಲೆ ಹಗುರದ ನೀರು ಇರಬೇಕು. ಆಗ ಮೊಟ್ಟೆ ಇಳಿದರೆ ಕೆಳಗಿನದು ಎತ್ತುತ್ತದೆ, ಏರಿದರೆ ಮೇಲಿನದು ಹೊರುವುದಿಲ್ಲ.

ಅದೇ ಪಾತ್ರೆಗೆ ಇನ್ನಷ್ಟು ಉಪ್ಪು ಹಾಕಿ ಒಟ್ಟು 90 ಗ್ರಾಂ ಮಾಡಿದೆವು. ಎತ್ತರದ ಗಾಜಿನ ಲೋಟಕ್ಕೆ ಅರ್ಧದವರೆಗೆ ಆ ಉಪ್ಪುನೀರು ಸುರಿದು ಮೊಟ್ಟೆ ಬಿಟ್ಟೆವು, ಮೇಲೆ ತೇಲಿತು. ಆಮೇಲೆ ಒಂದೆರಡು ಹನಿ ನೀಲಿ ಶಾಯಿ ಹಾಕಿದ ಬರೀ ನೀರನ್ನು, ಚಮಚದ ಬೆನ್ನಿನ ಮೇಲಿಂದ, ಲೋಟದ ಗೋಡೆಗೆ ತಾಗಿಸಿ ಸುರಿಯುತ್ತಾ ಹೋದೆ. ಮೊದಲ ಸಲ ಕೈ ನಡುಗಿ ದಬದಬ ಬಿತ್ತು, ಎಲ್ಲ ಕಲಸಿ ತಿಳಿನೀಲಿಯಾಯಿತು, ಚೆಲ್ಲಿ ಮತ್ತೆ ಶುರು ಮಾಡಿದೆವು. ಎರಡನೇ ಸಲ ಕೂತಿತು. ಮೇಲೆ ನೀಲಿ, ಕೆಳಗೆ ತಿಳಿ, ನಡುವೆ ಮೊಟ್ಟೆ. ಮಟ್ಟಕ್ಕೆ ಕಣ್ಣಿಟ್ಟರೆ ಎರಡು ನೀರು ಸೇರುವ ಜಾಗದಲ್ಲಿ ಬಿಸಿಲಿಗೆ ಕಾದ ರಸ್ತೆಯ ಮೇಲಿನ ಗಾಳಿಯ ಹಾಗೆ ಒಂದು ನಡುಕ ಕಾಣುತ್ತಿತ್ತು.

ಬೆಳಿಗ್ಗೆ ಎದ್ದು ನೋಡಿದರೆ ಮೊಟ್ಟೆ ಅಲ್ಲೇ ಇದೆ. ಯಾರೂ ಕದಡದಿದ್ದರೆ ಉಪ್ಪು ತಾನಾಗಿ ಹರಡುವುದು ಅಷ್ಟು ನಿಧಾನ, ದಿನಕ್ಕೆ ಒಂದೆರಡು ಸೆಂಟಿಮೀಟರ್ ಲೆಕ್ಕ.

"ಹೀಗೇ ಬಿಟ್ಟರೆ ಕೊನೆಗೆ ಮೇಲೆ ಬರುತ್ತಾ, ಕೆಳಗೆ ಹೋಗುತ್ತಾ?" ಅಂತ ಕೇಳಿದೆ. ನಾನು ಬಾಯಿಮಾತಿಗೆ ಕೇಳಿದ್ದು. ಅವಳು ಹೋಗಿ ಚಿಕ್ಕ ಬಾಟಲಿ ತಂದಳು. ಪಾತ್ರೆಯಲ್ಲಿ ಉಳಿದಿದ್ದ ಉಪ್ಪುನೀರನ್ನೂ ಬರೀ ನೀರನ್ನೂ ಸಮಸಮ ಬೆರೆಸಿ, ಬಾಟಲಿಗೆ ತುಂಬಿ ತೂಗಿದಳು. 211. ಎಲ್ಲ ಬೆರೆತ ಮೇಲೆ ಲೋಟದ ನೀರು ಇಷ್ಟೇ ತೂಗುವುದು, 1.055. ಮೊಟ್ಟೆ 1.077. "ಕೆಳಗೆ" ಅಂದಳು, ಮೊಟ್ಟೆಯ ಹೊಟ್ಟೆಯ ಮಟ್ಟಕ್ಕೆ ಲೋಟದ ಮೇಲೆ ಗೆರೆ ಎಳೆದಳು.

ಮರುದಿನ ಇನ್ನೊಂದು ಗೆರೆ. ಅದರ ಮರುದಿನ ಮತ್ತೊಂದು. ಮೂರನೇ ಗೆರೆ ಮೊದಲನೆಯದಕ್ಕಿಂತ ಅರ್ಧ ಬೆರಳಿನಷ್ಟು ಕೆಳಗಿತ್ತು. ತಳ ಮುಟ್ಟುವವರೆಗೆ ಇಡೋಣ ಅಂತ ಅವಳ ಹಟ. ಹಸಿ ಮೊಟ್ಟೆಯನ್ನು ಅಷ್ಟು ದಿನ ಹೊರಗಿಟ್ಟರೆ ಮನೆಯಲ್ಲಿ ನಿಲ್ಲಲಾಗದು ಅಂತ ನಾನು ಅಲ್ಲಿಗೇ ಎತ್ತಿ ಚೆಲ್ಲಿದೆ.